ಹಳೆಯ ಸೀಸೆಗಳ ಬೇಟೆ: ಹವ್ಯಾಸವೂ ಇತಿಹಾಸದ ಸಾಕ್ಷ್ಯವೂ

ಇತಿಹಾಸದ ಆಧಾರಗಳೆಂದೊಡನೆ ಶಾಸನ, ನಾಣ್ಯ, ಕಡತ, ಪ್ರವಾಸಿಗರ ಬರಹ ಮೊದಲಾದುವು ನಮ್ಮ ನೆನಪಿಗೆ ಬರುತ್ತವೆ. ಬಳಸಿ ಬಿಸುಟ ಗಾಜಿನ ಸೀಸೆಯನ್ನು ಆ ಸಾಲಿನಲ್ಲಿ ನಿಲ್ಲಿಸಲು ಮನಸ್ಸು ಸುಲಭವಾಗಿ ಒಪ್ಪುವುದಿಲ್ಲ. ಆದರೆ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿಯೂ ಇಂಗ್ಲೆಂಡಿನಲ್ಲಿಯೂ ಹಳೆಯ ಮನೆ, ಹೋಟೆಲು, ಗಣಿಯ ಊರು ಮೊದಲಾದುವುಗಳ ಸುತ್ತಣ ನೆಲವನ್ನು ಅಗೆದು ಸೀಸೆಗಳನ್ನು ಹುಡುಕುವುದು ಸಾಮಾನ್ಯ ಜನರ ಹವ್ಯಾಸವಾಗಿ ಬೆಳೆದಿದೆ. 1959ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ನಗರದಲ್ಲಿ ಸೀಸೆಗಳ ಸಂಗ್ರಾಹಕರ ಸಂಘವೊಂದು ಹುಟ್ಟಿತು; ಮುಂದಿನ ಹತ್ತು ವರ್ಷಗಳಲ್ಲಿ ಇಂಥ ಸಂಘಗಳು ದೇಶದ ನಾನಾ ಭಾಗಗಳಲ್ಲಿ ತಲೆಯೆತ್ತಿದುವು. ಈ ಹವ್ಯಾಸದಿಂದ ಇತಿಹಾಸಕ್ಕೆ ಆದ ಲಾಭವೇನು, ನಷ್ಟವೇನು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಸೀಸೆಗಳು ನೆಲದೊಳಕ್ಕೆ ಸೇರಿದ ಬಗೆಯನ್ನು ಮೊದಲು ತಿಳಿಯಬೇಕು. ಹತ್ತೊಂಬತ್ತನೆಯ ಶತಮಾನದ ಬಹುಭಾಗದಲ್ಲಿ ಅಮೆರಿಕದ ಊರುಗಳಲ್ಲಿ ಮನೆಮನೆಯ ಕಸವನ್ನು ಒಯ್ಯುವ ಏರ್ಪಾಡು ಇರಲಿಲ್ಲ. ಪ್ರತಿಯೊಂದು ಕುಟುಂಬವೂ ತನ್ನ ಕಸವನ್ನು ಹಿತ್ತಿಲಿನಲ್ಲಿಯೇ ಹೂಳುತ್ತಿದ್ದಿತು. ನೀರು ಬತ್ತಿದ ಬಾವಿ, ಬಳಕೆ ತಪ್ಪಿದ ತೊಟ್ಟಿ, ಎಲ್ಲಕ್ಕಿಂತ ಹೆಚ್ಚಾಗಿ ಹಿತ್ತಿಲಿನ ಕಕ್ಕಸು ಗುಂಡಿ ಇದಕ್ಕೆ ಒದಗುತ್ತಿದ್ದುವು. ಮನೆಯವರ ಕಣ್ಣಿಗೆ ಬೀಳಬಾರದ ಸೀಸೆಗಳಿಗೂ ಅದೇ ತಕ್ಕ ಸ್ಥಳವಾಗಿದ್ದಿತು. ಇಂದಿನ ಹವ್ಯಾಸಿಗಳು ಹಳೆಯ ನಕ್ಷೆಗಳಿಂದ ಮನೆಯ ಗಡಿಗಳನ್ನು ಗುರುತಿಸಿ, ಉದ್ದನೆಯ ಉಕ್ಕಿನ ಸರಳನ್ನು ನೆಲಕ್ಕೆ ಚುಚ್ಚಿ, ಮಣ್ಣು ಸಡಿಲವಾಗಿರುವ ಕಡೆಯನ್ನು ಕಂಡುಹಿಡಿದು ಅಗೆಯುತ್ತಾರೆ. ಆಳವಾದ ಗುಂಡಿಯ ಗೋಡೆ ಕುಸಿಯುವ ಅಪಾಯ ಈ ಕೆಲಸದಲ್ಲಿ ಯಾವಾಗಲೂ ಉಂಟು.

ದೊರೆತ ಸೀಸೆಯ ಕಾಲವನ್ನು ನಿರ್ಣಯಿಸುವ ವಿಧಾನದಲ್ಲಿ ಹವ್ಯಾಸಿಗಳ ಪರಿಶ್ರಮ ಗಣನೀಯವಾದುದು. ಕೈಯಿಂದ ಊದಿ ಮಾಡಿದ ಸೀಸೆಯ ಬಾಯಿಯನ್ನು ತಿದ್ದುವಾಗ ಅದರ ತಳಕ್ಕೆ ಕಬ್ಬಿಣದ ಸರಳೊಂದನ್ನು ಅಂಟಿಸಿ ಹಿಡಿಯುತ್ತಿದ್ದರು. ಆ ಸರಳನ್ನು ಮುರಿದು ತೆಗೆದಾಗ ತಳದಲ್ಲಿ ಒರಟಾದ ಕಲೆಯೊಂದು ಉಳಿಯುತ್ತಿದ್ದಿತು. ಶತಮಾನದ ನಡುವೆ ಸೀಸೆಯ ಮೈಯನ್ನೇ ಹಿಡಿಯುವ ಸಲಕರಣೆ ಬಳಕೆಗೆ ಬರಲು, ದಿನಬಳಕೆಯ ಅಮೆರಿಕದ ಸೀಸೆಗಳಲ್ಲಿ ಈ ಕಲೆ ಕ್ರಮೇಣ ಅಪರೂಪವಾಯಿತು. ಎರಡು ಭಾಗಗಳ ಅಚ್ಚಿನಲ್ಲಿ ಊದಿದ ಸೀಸೆಯ ಪಕ್ಕದಲ್ಲಿ ಗೆರೆಯೊಂದು ಏಳುತ್ತದೆ. ಬಾಯಿಯನ್ನು ಕೈಯಿಂದ ರೂಪಿಸಿದ್ದರೆ ಆ ಗೆರೆ ಕೊರಳಿನಲ್ಲಿಯೇ ನಿಲ್ಲುತ್ತದೆ. ಟೊಲೀಡೊ ನಗರದ ಮೈಕೇಲ್ ಓಯೆನ್ಸ್ ಎಂಬಾತನು 1903ರಲ್ಲಿ ತಾನೇ ತಾನಾಗಿ ಸೀಸೆ ಮಾಡುವ ಯಂತ್ರವನ್ನು ಸಿದ್ಧಪಡಿಸಿದ ಮೇಲೆ ಗೆರೆ ಬಾಯಿಯ ಅಂಚಿನವರೆಗೂ ಏರಿತು. ಮದ್ಯದ ಸೀಸೆಯ ಮೇಲೆ, ಅದನ್ನು ಮತ್ತೆ ಮಾರುವುದಾಗಲಿ ಬಳಸುವುದಾಗಲಿ ಸಂಯುಕ್ತ ಸರ್ಕಾರದ ಕಾನೂನಿಗೆ ವಿರುದ್ಧ ಎಂಬ ಉಬ್ಬಕ್ಷರಗಳಿದ್ದರೆ ಅದು 1935ರಿಂದ 1964ರ ವರೆಗೆ ಕಡ್ಡಾಯವಾಗಿದ್ದ ಒಕ್ಕಣೆಯೆಂದು ತಿಳಿಯಬೇಕು. ಇಂಥ ನೂರಾರು ಗುರುತುಗಳನ್ನು ಹಕ್ಕುಪತ್ರಗಳೊಡನೆಯೂ ವರ್ತಕರ ಜಾಹೀರಾತುಗಳೊಡನೆಯೂ ಹೋಲಿಸಿ ಪಟ್ಟಿಮಾಡಿದವರಲ್ಲಿ ಸಂಗ್ರಾಹಕರ ಪಾಲು ದೊಡ್ಡದು. ಪುರಾತತ್ತ್ವಜ್ಞರು ಈ ಪಟ್ಟಿಗಳಿಂದ ಪ್ರಯೋಜನ ಪಡೆದಿದ್ದಾರೆ.

ಆದರೂ ಸೀಸೆಯೊಂದನ್ನೇ ನಂಬಿ ಕಾಲನಿರ್ಣಯ ಮಾಡುವುದು ಸುರಕ್ಷಿತವಲ್ಲ. ಹಣ್ಣು ತರಕಾರಿಗಳನ್ನು ಕೆಡದಂತೆ ಇಡುವ ಗಾಜಿನ ಭರಣಿಗಳ ಮೇಲೆ 1858ನೆಯ ನವೆಂಬರ್ 30 ಎಂಬ ತಾರೀಖು ಕಾಣುತ್ತದೆ. ಅದು ಜಾನ್ ಮೇಸನ್ ಎಂಬಾತನು ತಿರುಪುಮುಚ್ಚಳದ ಭರಣಿಗೆ ಹಕ್ಕುಪತ್ರ ಪಡೆದ ದಿನವೇ ಹೊರತು ಭರಣಿಯನ್ನು ಮಾಡಿದ ದಿನವಲ್ಲ. ಅದೇ ತಾರೀಖನ್ನು ಹಲವು ದಶಕಗಳವರೆಗೆ ಅಚ್ಚಿನಲ್ಲಿ ಉಳಿಸಿಕೊಂಡರು. ಮ್ಯಾಂಗನೀಸ್ ಬೆರೆಸಿದ ಬಣ್ಣವಿಲ್ಲದ ಗಾಜು ದೀರ್ಘಕಾಲ ಬಿಸಿಲಿನಲ್ಲಿದ್ದರೆ ನೇರಳೆಬಣ್ಣಕ್ಕೆ ತಿರುಗುತ್ತದೆ. ಇದೂ ಕಾಲವನ್ನು ಸೂಚಿಸುವ ಗುರುತೇ. ಆದರೆ ಆ ಬಣ್ಣಕ್ಕೆ ಬೆಲೆ ಹೆಚ್ಚೆಂದು ಕೆಲವರು ಸೀಸೆಗಳಿಗೆ ಕೃತಕವಾಗಿ ವಿಕಿರಣ ಹಾಯಿಸಿ ಸಾಕ್ಷ್ಯವನ್ನೇ ಕೆಡಿಸಿದ್ದಾರೆ. ಮೂರನೆಯ ನಿದರ್ಶನ ನಮಗೆ ಚಿರಪರಿಚಿತವಾದುದು. ನಾವು ಗೋಲಿಸೋಡಾ ಎಂದು ಕರೆಯುವ ಪಾನೀಯದ ಸೀಸೆ ಲಂಡನ್ನಿನ ಹೈರಮ್ ಕಾಡ್ ಎಂಬಾತನು 1870ರ ದಶಕದ ಆರಂಭದಲ್ಲಿ ರೂಪಿಸಿದ್ದು. ಇಂಗ್ಲೆಂಡಿನ ಮಕ್ಕಳು ಗೋಲಿಗಾಗಿ ಅದನ್ನು ಒಡೆಯುತ್ತಿದ್ದುದರಿಂದ ಅಲ್ಲಿ ಇಡಿಯಾದ ಸೀಸೆ ದೊರೆಯುವುದು ಕಡಿಮೆ. ಅಲ್ಲಿ ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿಯೇ ಬಳಕೆ ತಪ್ಪಿದ ಈ ಮಾದರಿ ಕರ್ಣಾಟಕದ ಅಂಗಡಿಬೀದಿಗಳಲ್ಲಿ ಇಂದಿಗೂ ಕಾಣಸಿಗುತ್ತದೆ. ಒಂದೇ ರೂಪಕ್ಕೆ ಎರಡು ದೇಶಗಳಲ್ಲಿ ಎರಡು ಆಯುಷ್ಯ! ಆದುದರಿಂದ ಸೀಸೆಯ ಆಕಾರಕ್ಕಿಂತ ಅದು ದೊರೆತ ಸ್ಥಳ ಮುಖ್ಯವಾಗುತ್ತದೆ.

ಸ್ಥಳವೆಂದರೆ ಕೇವಲ ಊರು ಅಥವಾ ಮನೆಯಲ್ಲ. ಮಣ್ಣಿನ ಯಾವ ಪದರದಲ್ಲಿ, ಯಾವ ವಸ್ತುಗಳ ಜೊತೆಯಲ್ಲಿ ಅದು ಇದ್ದಿತೆಂಬುದು. ಒಂದು ಪದರದಲ್ಲಿರುವ ವಸ್ತುಗಳಲ್ಲಿ ಅತ್ಯಂತ ಈಚಿನದು ಯಾವುದೋ, ಆ ಪದರ ಅದಕ್ಕಿಂತ ಹಿಂದಿನದಾಗಿರಲಾರದು. ಈ ಸರಳ ನ್ಯಾಯದ ಮೇಲೆ ಉತ್ಖನನಶಾಸ್ತ್ರ ನಿಂತಿದೆ. ಇಡಿಯಾದ ಸೀಸೆಯನ್ನು ಮಾತ್ರ ಬಯಸುವ ಹವ್ಯಾಸಿಯು ಒಡಕುಗಾಜು, ಮೂಳೆ, ಹಣ್ಣಿನ ಬೀಜ, ಗುಂಡಿ, ಮಣ್ಣಿನ ಪಾತ್ರೆಯ ಚೂರುಗಳನ್ನು ಬದಿಗೆ ಎಸೆದು ಕುಳಿಯನ್ನು ಮುಚ್ಚಿದಾಗ ಪದರಗಳೆಲ್ಲ ಒಂದರೊಡನೊಂದು ಬೆರೆತುಹೋಗುತ್ತವೆ. ಹಾಗೆ ಬೆರೆತ ನೆಲವನ್ನು ಮತ್ತೆ ಓದಲು ಯಾರಿಂದಲೂ ಸಾಧ್ಯವಿಲ್ಲ.

ಇದರಿಂದ ಆಗುವ ನಷ್ಟ ಎಂಥದೆಂಬುದನ್ನು ಎರಡು ನಿದರ್ಶನಗಳಿಂದ ಅರಿಯಬಹುದು. ಮೊದಲನೆಯದು ಮಸಾಚುಸೆಟ್ಸ್ ಸಂಸ್ಥಾನದ ಲೋವೆಲ್ ನಗರದ್ದು. ಅಲ್ಲಿನ ಬೂಟ್ ಹತ್ತಿಗಿರಣಿಯ ಒಡೆಯರು ಕಾರ್ಮಿಕರಿಗಾಗಿ ವಸತಿಗೃಹಗಳನ್ನು ಕಟ್ಟಿಸಿ, ಅವುಗಳಲ್ಲಿ ಮದ್ಯಪಾನವನ್ನು ನಿಷೇಧಿಸಿದ್ದರು. ಲಿಖಿತ ನಿಯಮಗಳನ್ನಷ್ಟೇ ಓದಿದವರಿಗೆ ಅಲ್ಲಿ ಕಟ್ಟುನಿಟ್ಟಾದ ಶಿಸ್ತು ಕಾಣುತ್ತದೆ. ಆದರೆ 1980ರ ದಶಕದಲ್ಲಿ ಪುರಾತತ್ತ್ವಜ್ಞರು ಆ ಗೃಹಗಳ ಹಿತ್ತಿಲುಗಳನ್ನು ಅಗೆದಾಗ ಮದ್ಯದ ಸೀಸೆಗಳೂ ಔಷಧದ ಸೀಸೆಗಳೂ ದೊರೆತುವು. ಆ ಕಾಲದ ಅನೇಕ ಔಷಧಗಳು ಹೆಸರಿಗೆ ಔಷಧವಾಗಿದ್ದರೂ ಅವುಗಳಲ್ಲಿ ಮದ್ಯಸಾರ ಹೇರಳವಾಗಿದ್ದಿತು. 1875ರಿಂದ ಮಾರಾಟವಾದ, ಸ್ತ್ರೀಯರ ವ್ಯಾಧಿಗಳಿಗೆಂದು ಪ್ರಸಿದ್ಧವಾಗಿದ್ದ ಲಿಡಿಯಾ ಪಿಂಕಮ್ ಅವರ ಔಷಧದಲ್ಲಿ ನೂರಕ್ಕೆ ಸುಮಾರು 18ರಿಂದ 20 ಭಾಗ ಮದ್ಯಸಾರವಿದ್ದಿತು. ಮದ್ಯಸಾರ, ಅಫೀಮು ಮೊದಲಾದುವುಗಳ ಪ್ರಮಾಣವನ್ನು ಸೀಸೆಯ ಚೀಟಿಯ ಮೇಲೆ ಕಾಣಿಸಬೇಕೆಂಬ ಕಾನೂನು ಬಂದದ್ದು 1906ರಲ್ಲಿ. ತಾವಾಗಿ ಏನನ್ನೂ ಬರೆದಿಡದ ಕಾರ್ಮಿಕರ ಬಾಳಿನ ಒಂದು ಮುಖ ಹೀಗೆ ಹಿತ್ತಿಲಿನ ಗಾಜಿನಿಂದ ಹೊರಬಿದ್ದಿತು. ಅವೇ ಸೀಸೆಗಳು ಯಾರದೋ ಮನೆಯ ಕಪಾಟಿನಲ್ಲಿದ್ದಿದ್ದರೆ ಈ ಮಾತನ್ನು ಹೇಳುತ್ತಿರಲಿಲ್ಲ.

ಎರಡನೆಯದು ಜಾರ್ಜ್ ವಾಷಿಂಗ್ಟನ್ನನ ನಿವಾಸವಾಗಿದ್ದ, ವರ್ಜೀನಿಯದ ಮೌಂಟ್ ವರ್ನನ್. ಅಲ್ಲಿ ಮಹಾಗೃಹದ ಜೀರ್ಣೋದ್ಧಾರ ನಡೆಯುತ್ತಿದ್ದಾಗ ನೆಲಮಾಳಿಗೆಯ ಐದು ಕುಳಿಗಳಲ್ಲಿ ಹದಿನೆಂಟನೆಯ ಶತಮಾನದ 35 ಸೀಸೆಗಳು ದೊರೆತುವೆಂದು 2024ರಲ್ಲಿ ಪ್ರಕಟವಾಯಿತು. ಅವುಗಳಲ್ಲಿ 29 ಇಡಿಯಾಗಿದ್ದುವು. ಒಳಗೆ ಚೆರ್ರಿ ಮತ್ತಿತರ ಸಣ್ಣ ಹಣ್ಣುಗಳು ತೊಟ್ಟು ಬೀಜಗಳ ಸಮೇತ ಉಳಿದಿದ್ದುವು. ಅಂಗಡಿಯಲ್ಲಿ ಬೆಲೆ ಬರುವುದು ಸೀಸೆಗೆ. ಇತಿಹಾಸಕಾರನಿಗೆ ಬೆಲೆಯಿರುವುದು ಅದರ ಹೊಟ್ಟೆಯಲ್ಲಿದ್ದ ಹಣ್ಣಿಗೆ ಮತ್ತು ಅದನ್ನು ಹೂತಿಟ್ಟ ಕುಳಿಗೆ. ಆ ತೋಟದಲ್ಲಿ ಹಣ್ಣು ಕಿತ್ತು, ತುಂಬಿ, ಕಾಪಾಡುವ ದುಡಿಮೆ ಗುಲಾಮಗಿರಿಯಲ್ಲಿದ್ದ ಆಫ್ರಿಕನರ ಪಾಲಿನದಾಗಿದ್ದಿತು. ಅವರ ಕೈಕೆಲಸಕ್ಕೆ ಇಷ್ಟು ನೇರವಾದ ಸಾಕ್ಷ್ಯ ಕಾಗದಪತ್ರಗಳಲ್ಲಿ ವಿರಳ. ಸೀಸೆಯನ್ನು ತೊಳೆದು ಒರಸಿ ಸಾಲಾಗಿ ಜೋಡಿಸುವವನ ಕೈಗೆ ಇವು ಸಿಕ್ಕಿದ್ದರೆ ಮೊದಲು ನಾಶವಾಗುತ್ತಿದ್ದುದು ಆ ಸಾಕ್ಷ್ಯವೇ.

ಹವ್ಯಾಸಿಗಳ ವಾದವನ್ನೂ ಆಲಿಸಬೇಕು. ಅಮೆರಿಕದಲ್ಲಿ 1979ರ ಪುರಾತತ್ತ್ವ ಸಂಪತ್ತಿನ ರಕ್ಷಣೆಯ ಕಾನೂನಿನಂತೆ, ಸಂಯುಕ್ತ ಸರ್ಕಾರದ ನೆಲದಲ್ಲಿಯೂ ಮೂಲನಿವಾಸಿಗಳ ನೆಲದಲ್ಲಿಯೂ ನೂರು ವರ್ಷಕ್ಕೆ ಮೇಲ್ಪಟ್ಟ ಅವಶೇಷಗಳನ್ನು ಅನುಮತಿಯಿಲ್ಲದೆ ಅಗೆದು ತೆಗೆಯುವುದು ಅಪರಾಧ. ಖಾಸಗಿ ನೆಲದಲ್ಲಿಯಾದರೋ ಸಾಮಾನ್ಯವಾಗಿ ಒಡೆಯನ ಒಪ್ಪಿಗೆಯೇ ಸಾಕು. ಹಳೆಯ ಮನೆಯನ್ನು ಕೆಡವಿ ಹೊಸ ಕಟ್ಟಡಕ್ಕೆ ಯಂತ್ರಗಳಿಂದ ತಳಪಾಯ ತೋಡುವಾಗ ಎಲ್ಲವೂ ಪುಡಿಯಾಗುತ್ತದೆ. ಅದಕ್ಕಿಂತ ಮೊದಲು ನಾವು ಕೆಲವನ್ನಾದರೂ ಉಳಿಸಿದೆವಲ್ಲ ಎಂದು ಅವರು ಕೇಳುತ್ತಾರೆ. ಈ ಮಾತಿನಲ್ಲಿ ಸತ್ಯಾಂಶವಿದೆ. ನಾಶವಾಗಲಿರುವ ನೆಲದಲ್ಲಿ ಗುಂಡಿಯ ಅಳತೆ ಹಿಡಿದು, ಪದರಗಳನ್ನು ಬರೆದಿಟ್ಟು, ಒಡಕುಗಳನ್ನೂ ಕೂಡಿಡುವ ಹವ್ಯಾಸಿಯನ್ನು ಇತಿಹಾಸದ ಸಹಾಯಕನೆಂದೇ ಎಣಿಸಬೇಕು. ಆದರೆ ಯಾವ ಅಪಾಯವೂ ಇಲ್ಲದ ಐತಿಹಾಸಿಕ ನಿವಾಸದ ಹಿತ್ತಿಲಿಗೆ ಈ ವಾದ ಅನ್ವಯಿಸುವುದಿಲ್ಲ. ಅಲ್ಲಿ ಸೀಸೆಗೆ ನೆಲಕ್ಕಿಂತ ಸುರಕ್ಷಿತವಾದ ಸ್ಥಳ ಮತ್ತೊಂದಿಲ್ಲ.

ನಮ್ಮ ದೇಶದಲ್ಲಿ 1972ರ ಪ್ರಾಚ್ಯವಸ್ತುಗಳ ಕಾನೂನು ಸಾಮಾನ್ಯವಾಗಿ ನೂರು ವರ್ಷಗಳ ಗಡಿಯನ್ನು ಇಟ್ಟಿದೆ. ಆದರೆ ಹಳೆಯ ದಂಡುಪ್ರದೇಶದ ಬಂಗಲೆಗಳ, ತೋಟದ ಮನೆಗಳ ಹಿತ್ತಿಲಿನ ಗಾಜನ್ನು ಇತಿಹಾಸದ ಆಧಾರವೆಂದು ನೋಡುವ ಅಭ್ಯಾಸ ನಮ್ಮಲ್ಲಿ ಇನ್ನೂ ಬೇರೂರಿಲ್ಲ. ಇತಿಹಾಸದ ವಿದ್ಯಾರ್ಥಿಗಳು ಇದನ್ನು ಕೈಗೊಳ್ಳುವುದಾದರೆ ಗುದ್ದಲಿಯಿಂದ ಆರಂಭಿಸಬೇಕಾಗಿಲ್ಲ. ಮನೆಗಳಲ್ಲಿಯೂ ಗುಜರಿ ಅಂಗಡಿಗಳಲ್ಲಿಯೂ ಈಗಾಗಲೇ ಇರುವ ಸೀಸೆಗಳ ಉಬ್ಬಕ್ಷರಗಳನ್ನು ಬರೆದುಕೊಂಡು, ಅವು ಎಲ್ಲಿಂದ ಬಂದುವೆಂದು ವಿಚಾರಿಸಿ ಪಟ್ಟಿಮಾಡುವುದು ಮೊದಲ ಹೆಜ್ಜೆಯಾಗಬಹುದು. ನೆಲದೊಳಗಿರುವುದನ್ನು ಪದರ ಪದರವಾಗಿ ಓದಬಲ್ಲವರು ಬರುವವರೆಗೆ ಅದು ಅಲ್ಲಿಯೇ ಇರುವುದು ಲೇಸು.