ಸ್ಮಾಲ್‌ಟಾಕ್ ಭಾಷೆಯೂ ಡೇಟಾಬೇಸಿನ ಉತ್ತರವೂ

ಗಣಕಯಂತ್ರಗಳ ಚರಿತ್ರೆಯಲ್ಲಿ ಪ್ರತ್ಯೇಕವಾಗಿ ಹುಟ್ಟಿ ಬಳಿಕ ಸಂಧಿಸಿದ ಎರಡು ಮತಗಳುಂಟು. ಮೊದಲನೆಯದು, ಐ.ಬಿ.ಎಂ. ಸಂಸ್ಥೆಯ ಎಡ್ಗರ್ ಕಾಡ್ ಅವರು 1970ರಲ್ಲಿ ಪ್ರತಿಪಾದಿಸಿದ ಸಂಬಂಧಸಿದ್ಧಾಂತ. ಇದರ ಪ್ರಕಾರ ಡೇಟಾಬೇಸಿನ ಸಕಲ ವಿಷಯವೂ ಕೋಷ್ಟಕಗಳಲ್ಲಿ ಪಂಕ್ತಿರೂಪದಿಂದಿರತಕ್ಕದ್ದು. ಒಂದು ಪಂಕ್ತಿಯನ್ನು ಮತ್ತೊಂದರಿಂದ ಬೇರ್ಪಡಿಸುವುವು ಅದರೊಳಗಿನ ಮೌಲ್ಯಗಳೇ. ಎರಡನೆಯದು, ಝೆರಾಕ್ಸ್ ಸಂಸ್ಥೆಯ ಪಾಲೋ ಆಲ್ಟೋ ಸಂಶೋಧನಾಲಯದಲ್ಲಿ ಆಲನ್ ಕೇ, ಡ್ಯಾನ್ ಇಂಗಲ್ಸ್, ಅಡೆಲ್ ಗೋಲ್ಡ್‌ಬರ್ಗ್ ಮೊದಲಾದವರು 1972ರಿಂದ ಮುಂದಕ್ಕೆ ರೂಪಿಸಿದ ಸ್ಮಾಲ್‌ಟಾಕ್ ಭಾಷೆ. ಇಲ್ಲಿ ಸಂಖ್ಯೆಯೂ ಒಂದು ವಸ್ತು, ಅಕ್ಷರವೂ ಒಂದು ವಸ್ತು. ವಸ್ತುಗಳು ಪರಸ್ಪರ ಸಂದೇಶ ಕಳುಹಿಸುವುದೇ ಕ್ರಿಯೆ. ಗುಣಗಳೆಲ್ಲ ಸಮಾನವಾಗಿದ್ದರೂ ಎರಡು ವಸ್ತುಗಳು ಎರಡೇ ಹೊರತು ಒಂದಲ್ಲ.

ಈ ಮತಭೇದವು ಪ್ರಶ್ನೆಯ ಫಲವನ್ನು ಓದುವಾಗ ಸ್ಪಷ್ಟವಾಗುವುದು. ವಿಷುಯಲ್‌ವರ್ಕ್ಸ್ ಎಂಬ ಸ್ಮಾಲ್‌ಟಾಕಿನಲ್ಲಿ ಡೇಟಾಬೇಸಿನ ಸಂಪರ್ಕದಿಂದ ಒಂದು ಸೆಷನ್ನನ್ನು ಪಡೆದು, ಅದಕ್ಕೆ ಎಸ್.ಕ್ಯು.ಎಲ್. ವಾಕ್ಯವನ್ನೊಪ್ಪಿಸಿ, ನಡೆಸುವಂತೆ ತಿಳಿಸಿ, ತರುವಾಯ ಉತ್ತರವನ್ನು ಕೇಳಬೇಕು. ಬರುವ ಉತ್ತರವು ಒಂದು ಪ್ರವಾಹ. ಅದು ಮುಗಿಯುವವರೆಗೆ ಪಂಕ್ತಿಗಳನ್ನು ಒಂದೊಂದಾಗಿ ಓದಿಕೊಳ್ಳಬಹುದು. ಅಭಾವಸೂಚಕವಾದ 'ನಲ್' ಇಲ್ಲಿ 'ನಿಲ್' ಆಗುವುದು. ಆದರೆ ಎಸ್.ಕ್ಯು.ಎಲ್.ನಲ್ಲಿ ನಲ್ ನಲ್ಲಿಗೆ ಸಮವೆಂಬುದು ಸತ್ಯವೂ ಅಲ್ಲ, ಅಸತ್ಯವೂ ಅಲ್ಲ; ಸ್ಮಾಲ್‌ಟಾಕಿನಲ್ಲಿ ನಿಲ್ ನಿಲ್ಲಿಗೆ ಸಮವೆಂಬುದು ಸತ್ಯವೇ. ಭಾಷಾಂತರದಲ್ಲಿ ಅರ್ಥವು ಹೀಗೆ ಜಾರುವುದು.

ಇದಕ್ಕಿಂತ ದೊಡ್ಡ ಹಾನಿ ಬೇರೊಂದುಂಟು. ದೇವದತ್ತನೆಂಬವನ ಪಂಕ್ತಿಯನ್ನು ಎರಡು ಬಾರಿ ಓದಿ ವಸ್ತುವನ್ನು ರಚಿಸಿದರೆ ಇಬ್ಬರು ದೇವದತ್ತರು ಹುಟ್ಟುವರು. ಒಬ್ಬನ ವೇತನವನ್ನು ತಿದ್ದಿದರೆ ಇನ್ನೊಬ್ಬನಲ್ಲಿ ಹಳೆಯದೇ ಉಳಿಯುವುದು. ಆ ಹಳೆಯದನ್ನು ಕಡೆಗೆ ಕೋಷ್ಟಕಕ್ಕೆ ಬರೆದರೆ ತಿದ್ದುಪಡಿಯೇ ಅಳಿಸಿಹೋಗುವುದು.

ಇದಕ್ಕೆ ಎರಡು ಪರಿಹಾರಗಳು ಹುಟ್ಟಿದುವು. 1984ರಲ್ಲಿ ಜಾರ್ಜ್ ಕೋಪ್‌ಲೆಂಡ್, ಡೇವಿಡ್ ಮೇಯರ್ ಎಂಬವರು ಸ್ಮಾಲ್‌ಟಾಕನ್ನೇ ಡೇಟಾಬೇಸನ್ನಾಗಿಸುವ ಮಾರ್ಗವನ್ನು ಪ್ರಕಟಿಸಿದರು. ಜೆಮ್‌ಸ್ಟೋನ್ ಅದರ ಫಲ. ಅಲ್ಲಿ ವಸ್ತುವೇ ಸ್ಥಿರವಾಗಿ ಉಳಿಯುವುದರಿಂದ ಭಾಷಾಂತರದ ಅಗತ್ಯವಿಲ್ಲ. ಎರಡನೆಯದು, 1990ರ ದಶಕದಲ್ಲಿ ಕೆನಡಾದ ಆಟವಾ ನಗರದ ಆಬ್ಜೆಕ್ಟ್ ಪೀಪಲ್ ಸಂಸ್ಥೆಯು ಸ್ಮಾಲ್‌ಟಾಕಿಗಾಗಿ ರಚಿಸಿದ ಟಾಪ್‌ಲಿಂಕ್. ಇದು ಕೋಷ್ಟಕಗಳನ್ನು ಇದ್ದಂತೆಯೇ ಒಪ್ಪಿ, ಓದಿದ ವಸ್ತುಗಳ ಪಟ್ಟಿಯೊಂದನ್ನು ಅವುಗಳ ಕೀಲಿಯೊಡನೆ ಇಟ್ಟುಕೊಳ್ಳುವುದು. ಅದೇ ಕೀಲಿಯ ಪಂಕ್ತಿ ಪುನಃ ಬಂದರೆ ಹೊಸದನ್ನು ಸೃಷ್ಟಿಸದೆ ಹಿಂದಿನದನ್ನೇ ಕೊಡುವುದು. 'ಅವನೇ ಈ ದೇವದತ್ತನು' ಎಂದು ಶಾಸ್ತ್ರಕಾರರು ಉದಾಹರಿಸುವ ಪ್ರತ್ಯಭಿಜ್ಞೆಯು ಇದೇ ತೆರನಾದುದು.

ಟಾಪ್‌ಲಿಂಕ್ ಬಳಿಕ ಜಾವಾ ಭಾಷೆಗೆ ಸಾಗಿ, 2002ರಲ್ಲಿ ಒರಾಕಲ್ ಸಂಸ್ಥೆಯ ವಶವಾಯಿತು. ಹೀಗೆ ಸ್ಮಾಲ್‌ಟಾಕಿನಲ್ಲಿ ಬೆಳೆದ ಉಪಾಯವು ಆ ಭಾಷೆಯ ಎಲ್ಲೆಯನ್ನು ದಾಟಿತು. ಮೌಲ್ಯಗಳನ್ನು ಪಡೆದ ಮಾತ್ರಕ್ಕೆ ಉತ್ತರವನ್ನು ಓದಿದಂತಾಗದು. ಅವು ಯಾರವೆಂದು ಗುರುತಿಸಿದಾಗಲೇ ಓದು ಪೂರ್ಣವಾಗುವುದೆಂಬುದು ಈ ಚರಿತ್ರೆಯಿಂದ ಸಿದ್ಧವಾಗುತ್ತದೆ.