ಸಂವಿಧಾನ ಮತ್ತು ತಲೆಮಾರುಗಳ ನ್ಯಾಯ

ಹಿರಿಯರು ಬರೆದಿಟ್ಟ ಮೂಲಕಟ್ಟಳೆಯು ಇನ್ನೂ ಹುಟ್ಟದವರನ್ನು ಎಷ್ಟರಮಟ್ಟಿಗೆ ಕಟ್ಟಿಹಾಕಬಹುದು? ಕನ್ನಡ ನಾಡಿನ ದಾನಶಾಸನಗಳಿಗೆ ಈ ವಿಷಯದಲ್ಲಿ ಅಳುಕಿರಲಿಲ್ಲ: ದತ್ತಿ ಆಚಂದ್ರಾರ್ಕ, ಸೂರ್ಯಚಂದ್ರರಿರುವವರೆಗೆ. ಕಲ್ಲಿನ ನೆತ್ತಿಯಲ್ಲಿ ಸೂರ್ಯಚಂದ್ರರನ್ನು ಕೊರೆದು, ಅಳಿಪಿದವನಿಗೆ ಗಂಗೆಯ ತಡಿಯಲ್ಲಿ ಕವಿಲೆಯನ್ನು ಕೊಂದ ಪಾಪ ತಟ್ಟಲೆಂದು ಕೆಳಗೆ ಬರೆಸುತ್ತಿದ್ದರು. ಶಾಪ ಹಾಕಬೇಕಾಯಿತೆಂದರೆ, ಮುಂದೆ ಬರುವವರ ಮೇಲೆ ಬರೆಸಿದವರಿಗೂ ಪೂರ್ತಿ ನಂಬಿಕೆ ಇದ್ದಂತಿಲ್ಲ.

1789ರಲ್ಲಿ ಅಮೆರಿಕದ ಥಾಮಸ್ ಜೆಫರ್ಸನ್ ಇದಕ್ಕೆ ತದ್ವಿರುದ್ಧ ನಿಂತರು: ಭೂಮಿ ಬದುಕಿರುವವರದು, 19 ವರ್ಷಕ್ಕೆ ಕಾನೂನಿನ ಆಯುಸ್ಸು ಮುಗಿಯಬೇಕು. ಹಿಂದಿನವರು ಮಾಡಿಟ್ಟದ್ದರ ಫಲ ಉಣ್ಣುವವರಿಗೆ ಅದರ ಋಣವೂ ಇದೆಯೆಂದು ಜೇಮ್ಸ್ ಮ್ಯಾಡಿಸನ್ ಮರುನುಡಿದರು.

ಇತ್ತ ಮೈಸೂರು ಸಂಸ್ಥಾನದ ಹಳೆಯ ಕೋಲಾರ ಜಿಲ್ಲೆಗೆ ಸಂವಿಧಾನದ ಮಾತು ಬಂದದ್ದು ಜವಾಬ್ದಾರಿ ಸರ್ಕಾರದ ಚಳವಳಿಯ ಬೆನ್ನಿಗೆ. 1938ರ ಏಪ್ರಿಲ್‌ನಲ್ಲಿ ಗೌರಿಬಿದನೂರಿನ ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹಕ್ಕೆ ನೆರೆದವರ ಮೇಲೆ ಗುಂಡು ಹಾರಿತು. 1947ರ ಅಕ್ಟೋಬರ್‌ನಲ್ಲಿ ಇದೇ ಜಿಲ್ಲೆಯ ಕೆ. ಸಿ. ರೆಡ್ಡಿ ಮೈಸೂರಿನ ಮೊದಲ ಮುಖ್ಯಮಂತ್ರಿಯಾದರು. ಸಂಸ್ಥಾನಕ್ಕೆಂದೇ ಸಂವಿಧಾನ ಬರೆಯಲು ಕೂಡಿದ ಸಭೆ ಕೊನೆಗೆ ಭಾರತದ್ದೇ ಸಾಕೆಂದಿತು. 1949ರ ನವೆಂಬರ್ 25ರಂದು ಜಯಚಾಮರಾಜ ಒಡೆಯರ್ ಅದನ್ನೊಪ್ಪಿ ಘೋಷಣೆ ಹೊರಡಿಸಿದರು. ಕಾಕತಾಳೀಯವೇ ಇರಬೇಕು, ಅದೇ ದಿನ ದೆಹಲಿಯಲ್ಲಿ ಅಂಬೇಡ್ಕರ್ ಜೆಫರ್ಸನ್‌ರನ್ನು ನೆನೆದರು: ಸಂವಿಧಾನದಲ್ಲಿರುವುದು ಈಗಿನ ತಲೆಮಾರಿನ ಅಭಿಪ್ರಾಯ, ಅದಕ್ಕೇ ತಿದ್ದುಪಡಿಯ ದಾರಿಯನ್ನು ಸಲೀಸು ಮಾಡಿದ್ದೇವೆ ಎಂಬುದು ಅವರ ಮಾತಿನ ಸಾರ.

ಎಷ್ಟು ಸಲೀಸು ಎಂಬ ತಕರಾರು ಎದ್ದದ್ದು ಜಮೀನಿನಿಂದ. 1967ರ ಗೋಲಕನಾಥ್ ಮೊಕದ್ದಮೆಯಲ್ಲಿ ಪಂಜಾಬಿನ ಕಾಯಿದೆಯ ಜತೆ ಮೈಸೂರಿನ ಭೂಸುಧಾರಣಾ ಕಾಯಿದೆಯೂ ಕಟಕಟೆಯಲ್ಲಿತ್ತು. ಮೂಲಭೂತ ಹಕ್ಕುಗಳನ್ನು ಮೊಟಕು ಮಾಡಲು ಸಂಸತ್ತಿಗೆ ಅಧಿಕಾರವಿಲ್ಲವೆಂದು ಸುಪ್ರೀಂ ಕೋರ್ಟ್ ಹೇಳಿತು. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿ 1970ರಲ್ಲಿ ಕೇರಳದ ಭೂಸುಧಾರಣೆಯ ವಿರುದ್ಧ ಅರ್ಜಿ ಹಾಕಿದರು. 13 ನ್ಯಾಯಮೂರ್ತಿಗಳು 68 ದಿನ ವಾದ ಕೇಳಿ, 1973ರ ಏಪ್ರಿಲ್ 24ರಂದು 7–6ರ ಬಹುಮತದಲ್ಲಿ ಗೋಲಕನಾಥ್ ತೀರ್ಪನ್ನು ಬದಿಗಿಟ್ಟರು: ಯಾವ ವಿಧಿಯನ್ನಾದರೂ ತಿದ್ದಬಹುದು, ಮೂಲ ರಚನೆಯನ್ನು ಕೆಡಿಸುವಂತಿಲ್ಲ. ಏಳು ಮಂದಿಯಲ್ಲಿ ಕಾರ್ಕಳದ ಕಡೆಯ ಕೆ. ಎಸ್. ಹೆಗ್ಡೆಯವರೂ ಒಬ್ಬರು. ಆಚಂದ್ರಾರ್ಕವೇ ವೇಷ ಬದಲಿಸಿ ಬಂದಂತಾಯಿತು, ಈ ಸಲ ಶಾಪವಿಲ್ಲದೆ. ಮಠಕ್ಕೆ ಮಾತ್ರ ಜಮೀನು ದಕ್ಕಲಿಲ್ಲ.

ತಿದ್ದುಪಡಿಗಳನ್ನು ಯಾವ ನ್ಯಾಯಾಲಯವೂ ಪ್ರಶ್ನಿಸಕೂಡದೆಂದು 1976ರ 42ನೇ ತಿದ್ದುಪಡಿ ಹೇಳಿತು. 1980ರಲ್ಲಿ ಬೆಂಗಳೂರಿನ ಮಿನರ್ವ ಮಿಲ್ಸ್ ಮೊಕದ್ದಮೆಯಲ್ಲಿ ಆ ಭಾಗ ಬಿದ್ದುಹೋಯಿತು: ಮಿತಿಯೊಳಗೆ ಸಿಕ್ಕ ಅಧಿಕಾರವನ್ನು ಬಳಸಿ ಆ ಮಿತಿಯನ್ನೇ ಕಿತ್ತುಹಾಕುವ ಹಾಗಿಲ್ಲ.