ದಿನದ ಕಾಯಕ, ದಿನದ ವಚನ





ವಚನಗಳನ್ನು ನಾವು ಪ್ರಾರ್ಥನೆಯಲ್ಲಿ ಹಾಡುತ್ತೇವೆ, ಪ್ರವಚನದಲ್ಲಿ ಆಲಿಸುತ್ತೇವೆ, ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ. ಆದರೆ ಅವು ಹುಟ್ಟಿದ ಬಗೆಯನ್ನು ಕುರಿತು ಚಿಂತಿಸುವುದು ಕಡಿಮೆ. ೧೨ನೆಯ ಶತಮಾನದ ಶರಣರು ಕವಿಗಳೆನಿಸಿಕೊಳ್ಳಲೆಂದು ಬರೆದವರಲ್ಲ. ತಮ್ಮ ದಿನದ ನಡೆಯನ್ನು ತಾವೇ ಒರೆಗೆ ಹಚ್ಚಿ ನೋಡಿಕೊಂಡಾಗ ಹೊಮ್ಮಿದ ನುಡಿಯೇ ವಚನವಾಯಿತು.

ಅದಕ್ಕೂ ಮುನ್ನ ಕನ್ನಡದಲ್ಲಿ ಮೆರೆದದ್ದು ಚಂಪೂಕಾವ್ಯ. ೧೦ನೆಯ ಶತಮಾನದ ಪಂಪ, ರನ್ನರಂತಹ ಮಹಾಕವಿಗಳಿಗೆ ಅರಸರ ಆಶ್ರಯವಿತ್ತು, ಛಂದಸ್ಸು-ಅಲಂಕಾರಗಳ ಶಿಕ್ಷಣವಿತ್ತು, ಆಲಿಸಲು ಪಂಡಿತರ ಸಭೆಯಿತ್ತು. ಹಗಲೆಲ್ಲ ದುಡಿಯುವವನಿಗೆ ಅಂತಹ ಕಾವ್ಯವನ್ನು ಕಟ್ಟುವ ಬಿಡುವೆಲ್ಲಿ? ವಚನವು ಆತನಿಗೂ ಬಾಗಿಲು ತೆರೆಯಿತು. ನಾಲ್ಕಾರು ಸಾಲು, ಆಡುಮಾತಿನ ಲಯ. ಕೈ ಕೆಲಸದಲ್ಲಿರುವಾಗಲೇ ಮನಸ್ಸಿನಲ್ಲಿ ಹೊತ್ತು ನಡೆಯಬಹುದಾದಷ್ಟು ಚಿಕ್ಕ ರೂಪ. ಆದ್ದರಿಂದಲೇ ಹಗ್ಗ ಹೊಸೆಯುವ ನುಲಿಯ ಚಂದಯ್ಯನವರೂ, ದೋಣಿ ನಡೆಸುವ ಅಂಬಿಗರ ಚೌಡಯ್ಯನವರೂ, ಪಾದರಕ್ಷೆ ಹೊಲಿಯುವ ಮಾದಾರ ಧೂಳಯ್ಯನವರೂ ವಚನಕಾರರಾದರು. ಕದಿರ ರೆಮ್ಮವ್ವೆಯವರು ತಾವು ತಿರುಹುವ ರಾಟೆಯ ಒಂದೊಂದು ಭಾಗದಲ್ಲಿಯೂ ತತ್ತ್ವವನ್ನು ಕಂಡರು. ಕಾಯಕದಿಂದ ಬಿಡುವು ಪಡೆದು ಮಾಡಿದ ರಚನೆ ಇದಲ್ಲ. ಕಾಯಕದೊಳಗಿನಿಂದಲೇ ಮೂಡಿದ ಅರಿವು.

ಈ ಅರಿವಿನ ಮೊದಲ ಕೆಲಸ ಆತ್ಮಪರೀಕ್ಷೆ. ಕಲಚೂರಿ ಬಿಜ್ಜಳನ ಭಂಡಾರದ ಹೊಣೆ ಹೊತ್ತಿದ್ದ ಅಣ್ಣ ಬಸವಣ್ಣನವರು ತಮ್ಮ ವಚನಗಳಲ್ಲಿ ಎಲ್ಲರಿಗಿಂತ ಹೆಚ್ಚಾಗಿ ಗದರಿಸಿದ್ದು ತಮ್ಮ ಮನಸ್ಸನ್ನೇ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅದನ್ನು ಮರಳಿ ಸುರಿದು ಬರುವಂತೆ ಪತ್ನಿ ಲಕ್ಕಮ್ಮನವರು ಹೇಳಿದ ಪ್ರಸಂಗ ನಮಗೆಲ್ಲ ಚಿರಪರಿಚಿತ. ಒಂದು ಹಿಡಿ ಹೆಚ್ಚಾದುದನ್ನು ಗಮನಿಸುವ ಆ ಕಣ್ಣೇ ವಚನದ ಕಣ್ಣು. ಅದು ತೆರೆದಿರದೆ ಸುಂದರವಾದ ಮಾತುಗಳನ್ನು ಎಷ್ಟು ಜೋಡಿಸಿದರೂ ಅದು ವಚನವಾಗಲಾರದು.

'ವಚನ' ಎಂಬ ಪದಕ್ಕೆ ಮಾತು ಎಂಬ ಅರ್ಥದೊಡನೆ ಕೊಟ್ಟ ಮಾತು ಎಂಬ ಅರ್ಥವೂ ಉಂಟು. ಕೊನೆಯಲ್ಲಿ ಬರುವ ಅಂಕಿತವು ಆ ಮಾತಿಗೆ ಸಾಕ್ಷಿಯನ್ನು ನಿಲ್ಲಿಸುತ್ತದೆ. ಕೂಡಲಸಂಗಮದೇವ, ಗುಹೇಶ್ವರ, ಚೆನ್ನಮಲ್ಲಿಕಾರ್ಜುನ ಎಂದು ಕರೆದ ಬಳಿಕ ಆಡಿದ ನುಡಿಯಿಂದ ಹಿಂದೆ ಸರಿಯುವಂತಿಲ್ಲ. ಚೌಡಯ್ಯನವರಂತೂ ತಮ್ಮ ಹೆಸರನ್ನೇ ಅಂಕಿತವಾಗಿರಿಸಿಕೊಂಡು, ತಮ್ಮ ಮಾತಿಗೆ ತಾವೇ ಹೊಣೆಯಾಗಿ ನಿಂತರು.

ಇಂತಹ ನುಡಿ ಏಕಾಂತದಲ್ಲಿಯೇ ಉಳಿಯಲಿಲ್ಲ, ಅನುಭಾವಗೋಷ್ಠಿಯಲ್ಲಿ ಪರೀಕ್ಷೆಗೆ ಒಳಗಾಯಿತು. ಅಕ್ಕಮಹಾದೇವಿಯವರನ್ನೂ, ಕೆರೆ ಕಟ್ಟಿಸುತ್ತಿದ್ದ ಸೊನ್ನಲಿಗೆಯ ಸಿದ್ಧರಾಮೇಶ್ವರರನ್ನೂ ಅಲ್ಲಮಪ್ರಭುದೇವರು ಪ್ರಶ್ನಿಸಿದ ಬಗೆಯನ್ನು ೧೫ನೆಯ ಶತಮಾನದಲ್ಲಿ ಸಂಕಲನಗೊಂಡ 'ಶೂನ್ಯಸಂಪಾದನೆ' ನಮಗೆ ತೋರಿಸುತ್ತದೆ. ತನ್ನ ನುಡಿಯನ್ನು ಇನ್ನೊಬ್ಬರ ಮುಂದಿಟ್ಟು ತಿದ್ದಿಕೊಳ್ಳುವ ವಿನಯವೂ ಈ ಸಾಧನೆಯ ಅಂಗವೇ ಆಗಿತ್ತು.

ಎಷ್ಟು ಬರೆದರೆಂಬುದು ಇಲ್ಲಿ ಮುಖ್ಯವಲ್ಲ. ಬಸವಣ್ಣನವರ ವಚನಗಳು ಸಾವಿರಕ್ಕೂ ಮಿಕ್ಕಿ ದೊರೆತಿವೆ. ನಿರ್ಲಜ್ಜೇಶ್ವರ ಎಂಬ ಅಂಕಿತದ ಸಂಕವ್ವೆಯವರದು ಒಂದೇ ಒಂದು. ತನ್ನ ಬಾಳನ್ನು ಮರೆಮಾಚದೆ ನುಡಿದ ಆ ಒಂದು ವಚನದ ಬಲದಿಂದಲೇ ಆ ತಾಯಿಯ ಹೆಸರು ಇಂದಿಗೂ ಉಳಿದಿದೆ.

೧೨ನೆಯ ಶತಮಾನದ ಉತ್ತರಾರ್ಧದಲ್ಲಿ ಕಲ್ಯಾಣದಲ್ಲಿ ನಡೆದ ವಿಪ್ಲವದಿಂದ ಶರಣರು ಚದುರಿದರು, ಗೋಷ್ಠಿ ಮುರಿಯಿತು. ವಿಜಯನಗರದ ಪ್ರೌಢದೇವರಾಯನ ಕಾಲದ ವಿರಕ್ತರು ವಚನಗಳನ್ನು ಅರಸಿ, ಸಂಕಲಿಸಿ ಕಾಪಾಡಿದರು. ಆದರೆ ಪರಂಪರೆ ಸಂಕಲನದಲ್ಲಿಯೇ ನಿಂತುಬಿಡಲಿಲ್ಲ. ಕಗ್ಗೆರೆಯ ತೋಟದಲ್ಲಿ ತಪೋನಿರತರಾಗಿ, ಎಡೆಯೂರಿನಲ್ಲಿ ನೆಲೆಸಿದ ತೋಂಟದ ಸಿದ್ಧಲಿಂಗ ಯತಿಗಳು ೭೦೧ ವಚನಗಳನ್ನು ತಾವೇ ನುಡಿದರು. ಹಿರಿಯರ ನುಡಿಯನ್ನು ಕಾಪಾಡುವುದು, ಅದರ ಬೆಳಕಿನಲ್ಲಿ ತನ್ನ ನುಡಿಯನ್ನು ಕಂಡುಕೊಳ್ಳುವುದು: ಇವೆರಡೂ ಕೂಡಿದಾಗಲೇ ಪರಂಪರೆಗೆ ಮತ್ತೆ ಉಸಿರು ಬಂದಿತು.

ಕಳೆದ ಶತಮಾನದಲ್ಲಿಯೂ ಇದನ್ನೇ ಕಾಣುತ್ತೇವೆ. ವಿಜಾಪುರದ ವಕೀಲರಾಗಿದ್ದ ಡಾ. ಫ.ಗು. ಹಳಕಟ್ಟಿಯವರು ಊರೂರು ತಿರುಗಿ ತಾಡೋಲೆಗಳನ್ನು ಕೂಡಿಸಿ, ೧೯೨೩ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಹೊರತಂದರು. ೧೯೨೬ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಆರಂಭಿಸಿದರು. ಹೀಗೆ ವಚನಗಳು ಮನೆಮನೆಗೆ ತಲುಪಿದ ಮೇಲೆ ಹೊಸ ವಚನಗಳೂ ಹುಟ್ಟಿದವು. ಕಾವ್ಯಾನಂದರೆಂದು ಹೆಸರಾದ ಡಾ. ಸಿದ್ಧಯ್ಯ ಪುರಾಣಿಕರು ಸರಕಾರದ ಉನ್ನತ ಹುದ್ದೆಗಳ ಹೊಣೆಯ ನಡುವೆಯೂ 'ಸ್ವತಂತ್ರಧೀರ ಸಿದ್ಧೇಶ್ವರ' ಎಂಬ ಅಂಕಿತದಲ್ಲಿ ವಚನಗಳನ್ನು ರಚಿಸಿದರು.

ಈಗ ನಮ್ಮನ್ನು ನಾವು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದುಂಟು. ೧೯೯೩ರಲ್ಲಿ ಸಮಗ್ರ ವಚನ ಸಂಪುಟಗಳು ಹದಿನೈದು ಭಾಗಗಳಾಗಿ ಹೊರಬಂದವು. ಓದಲು ನಮಗೇನೂ ಕೊರತೆಯಿಲ್ಲ. ಆದರೆ ಶರಣರ ಪಶ್ಚಾತ್ತಾಪವನ್ನು ಇಂಪಾಗಿ ಹಾಡಿ, ನಮ್ಮ ತಪ್ಪನ್ನು ಹೆಸರಿಸದೆ ಮಲಗಿದರೆ, ಅದು ಅವರ ಕನ್ನಡಿಯನ್ನು ಪೂಜಿಸಿ ಅದರಲ್ಲಿ ಮುಖ ನೋಡಿಕೊಳ್ಳದೆ ಇದ್ದಂತಾಯಿತು.

ಆದ್ದರಿಂದ ಭಕ್ತಾದಿಗಳಲ್ಲಿ ಒಂದು ಬಿನ್ನಹ. ರಾತ್ರಿ ಇಷ್ಟಲಿಂಗಪೂಜೆಯ ಬಳಿಕ ಒಂದು ವಚನವನ್ನು ಓದಿ, ಅಂದಿನ ಕಾಯಕದಲ್ಲಿ ತಾವು ಎಲ್ಲಿ ಎಡವಿದಿರಿ, ಎಲ್ಲಿ ಒಂದು ಹಿಡಿ ಹೆಚ್ಚು ತಂದಿರಿ ಎಂಬುದನ್ನು ನಾಲ್ಕು ಸಾಲುಗಳಲ್ಲಿ ಬರೆದಿಡಿ. ಅದನ್ನು ಶರಣರ ವಚನಕ್ಕೆ ಸರಿದೂಗಿಸುವ ಹಂಬಲ ಬೇಡ, ಅಚ್ಚು ಹಾಕಿಸುವ ಆತುರವೂ ಬೇಡ. ವಾರಕ್ಕೊಮ್ಮೆ ಮನೆಯವರ ಅಥವಾ ಆಪ್ತ ಶರಣರೊಬ್ಬರ ಮುಂದೆ ಓದಿ, ಅವರು ತಿದ್ದಿದರೆ ತಲೆಬಾಗಿ. ಬರೆಯದೆ ತಪ್ಪಿದ ದಿನಗಳಿಗಾಗಿ ಕೊರಗದೆ ಮರುದಿನ ಮತ್ತೆ ಕುಳಿತುಕೊಳ್ಳಿ. ಆ ನಾಲ್ಕು ಸಾಲು ಯಾರ ಮೆಚ್ಚುಗೆಯನ್ನೂ ಪಡೆಯದಿರಬಹುದು. ಮಾರನೆಯ ದಿನದ ನಡೆಯನ್ನು ಕೊಂಚ ತಿದ್ದಿದರೆ ಅಷ್ಟೇ ಸಾಕು.